ಕವಾಯತು ಮೈದಾನ: ಕಾಯಿದೆ, ಹಾಜರಿ ಮತ್ತು ಧ್ವಜ

ಆಗಸ್ಟ್ 15 ಮತ್ತು ಜನವರಿ 26ರ ಬೆಳಿಗ್ಗೆ ಟಿ.ವಿ. ಹಾಕಿದರೆ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಪರೇಡ್ ಮೈದಾನದ ನೇರ ಪ್ರಸಾರ ಬರುತ್ತದೆ. ನಾವು ಧ್ವಜ ನೋಡುತ್ತೇವೆ, ತುಕಡಿಗಳನ್ನು ನೋಡುತ್ತೇವೆ, ಮೋಟಾರ್ ಸೈಕಲ್ ಸಾಹಸ ಬಂದರೆ ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ನೆಲದ ಬಗ್ಗೆ ನಮ್ಮಲ್ಲಿ ಬಹಳ ಮಂದಿ ಯೋಚಿಸಿರುವುದಿಲ್ಲ. ಅಷ್ಟು ದುಬಾರಿ ನಗರದ ನಟ್ಟನಡುವೆ, ಮಹಾತ್ಮ ಗಾಂಧಿ ರಸ್ತೆಯ ಪಕ್ಕದಲ್ಲಿ, ಅಷ್ಟು ದೊಡ್ಡ ಬಯಲು ಏಕೆ ಖಾಲಿ ಉಳಿಯಿತು? ಸೈನಿಕರು ಯುದ್ಧವಿಲ್ಲದ ದಿನವೂ ಸಾಲಾಗಿ ಏಕೆ ನಡೆಯಬೇಕು? ಅದಕ್ಕೂ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ ಕುಳಿತ ನಮಗೂ ಏನು ಸಂಬಂಧ? ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಲೆಕ್ಕದ ಪುಸ್ತಕ ಓದುವವನಿಗೆ ಇತಿಹಾಸದ ಈ ಪ್ರಶ್ನೆಗಳು ಹೇಗೆ ಕಂಡವು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

1. ಪದಗಳಿಂದ ಆರಂಭ

ಪರೇಡಿಗೆ ಕನ್ನಡದಲ್ಲಿ 'ಕವಾಯತು' ಎನ್ನುತ್ತೇವೆ. ಇದು ಉರ್ದುವಿನ 'ಕವಾಯದ್' ಎಂಬ ಪದದಿಂದ ಬಂದದ್ದು. ಮೂಲ ಅರಬ್ಬಿ. ಅರಬ್ಬಿಯಲ್ಲಿ 'ಕಾಯಿದಾ' ಎಂದರೆ ನಿಯಮ, ಅದರ ಬಹುವಚನ 'ಕವಾಯದ್', ಅಂದರೆ ನಿಯಮಗಳು. ಉರ್ದುವಿನಲ್ಲಿ ವ್ಯಾಕರಣಕ್ಕೂ ಕವಾಯದ್ ಎಂದೇ ಹೆಸರು. ನಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಮಕ್ತಬಿಗೆ ಹೋಗಿ ಅಲಿಫ್, ಬೇ ಕಲಿತ ತೆಳ್ಳಗಿನ ಪುಸ್ತಕವನ್ನೂ ಕಾಯಿದಾ ಎಂದೇ ಕರೆಯುತ್ತಾರೆ. ಅದೇ ಪದ ಕನ್ನಡಕ್ಕೆ ಬಂದು 'ಕಾಯಿದೆ' ಆಯಿತು. ವಿಧಾನಸಭೆಯಲ್ಲಿ ಪಾಸಾಗುವ ಕಾಯಿದೆ, ಮೈದಾನದಲ್ಲಿ ನಡೆಯುವ ಕವಾಯತು, ಮಕ್ಕಳು ಅಕ್ಷರ ಕಲಿಯುವ ಕಾಯಿದಾ ಮೂರೂ ಒಂದೇ ಬೇರಿನವು.

'ಮೈದಾನ', 'ಸಲಾಮು', 'ಹಾಜರಿ', 'ಸಿಪಾಯಿ', 'ಹವಾಲ್ದಾರ', 'ಸುಬೇದಾರ' ಇವೂ ಅರಬ್ಬಿ, ಪಾರ್ಸಿಗಳಿಂದ ಬಂದು ಕನ್ನಡದಲ್ಲಿ ಮನೆಮಾಡಿದ ಪದಗಳು. ನಮ್ಮ ಲೆಕ್ಕಶಾಸ್ತ್ರದ ಜಮಾ, ಖರ್ಚು, ಬಾಕಿ, ರಸೀದಿ, ವಸೂಲಿ ಕೂಡ ಅದೇ ದಾರಿಯಲ್ಲಿ ಬಂದವು. ಆದರೆ ಸೇನೆಗೆ ಕನ್ನಡದಲ್ಲಿ ಒಂದು ಹಳೆಯ ಪದವಿದೆ: 'ದಂಡು'. ಬೆಂಗಳೂರು ಕಂಟೋನ್ಮೆಂಟ್ ರೈಲು ನಿಲ್ದಾಣದ ಕನ್ನಡ ಫಲಕದಲ್ಲಿ 'ಬೆಂಗಳೂರು ದಂಡು' ಎಂದು ಇರುವುದನ್ನು ರೈಲಿನಲ್ಲಿ ಹೋದವರು ನೋಡಿರಬಹುದು.

ಇನ್ನು ನಮ್ಮ ಊರಿನ ಹೆಸರಿನಲ್ಲೇ ಇರುವ 'ಕ್ಯಾಂಪ್' ಎಂಬ ಪದ. ಇದರ ಮೂಲ ಲ್ಯಾಟಿನ್ ಭಾಷೆಯ 'ಕಂಪಸ್', ಅಂದರೆ ಬಯಲು. ಪ್ರಾಚೀನ ರೋಮ್ ನಗರದ ಹೊರಗೆ 'ಕಂಪಸ್ ಮಾರ್ಷಿಯಸ್' ಎಂಬ ಬಯಲಿತ್ತು. ಯುದ್ಧದೇವತೆ ಮಾರ್ಸ್‌ನ ಹೆಸರಿನ ಆ ಬಯಲಿನಲ್ಲಿ ಸೈನಿಕರು ಅಭ್ಯಾಸ ಮಾಡುತ್ತಿದ್ದರು. ನಾಗರಿಕರು ಮತ ಹಾಕಲು ಸೇರುತ್ತಿದ್ದುದೂ ಅಲ್ಲಿಯೇ. ಪ್ಯಾರಿಸ್‌ನ ಐಫೆಲ್ ಗೋಪುರದ ಮುಂದಿನ ಉದ್ಯಾನಕ್ಕೆ 'ಶಾನ್ ದ ಮಾರ್ಸ್' ಎಂಬ ಹೆಸರು ಇದೇ ಮೂಲದ್ದು. ಅದೂ ಒಂದು ಕಾಲದಲ್ಲಿ ಸೈನಿಕ ಶಾಲೆಯ ಕವಾಯತು ಮೈದಾನವಾಗಿತ್ತು. ಕಾಲೇಜಿನ ಆವರಣಕ್ಕೆ ನಾವು ಹೇಳುವ 'ಕ್ಯಾಂಪಸ್' ಕೂಡ ಆ ಲ್ಯಾಟಿನ್ ಪದವೇ. ನಾವು ಇರುವ ಕ್ಯಾಂಪ್, ಓದುವ ಕ್ಯಾಂಪಸ್, ಎರಡರ ಹೆಸರಿಗೂ ಬಯಲೇ ತಾಯಿ.

2. ಕವಾಯತು ಏಕೆ ಹುಟ್ಟಿತು?

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಯುದ್ಧದ ಕಾರಣ. ಹದಿನೆಂಟನೆಯ ಶತಮಾನದ ಕೋವಿಗೆ ಗುರಿ ಕಡಿಮೆ. ನೂರು ಗಜದ ಆಚೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಕಷ್ಟವಾಗಿತ್ತು. ಒಂದು ಗುಂಡು ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಲು ಸಮಯ ಬೇಕು. ಆದ್ದರಿಂದ ನೂರಾರು ಸಿಪಾಯಿಗಳು ಒತ್ತಾಗಿ ಸಾಲು ನಿಂತು, ಒಂದೇ ಆಜ್ಞೆಗೆ ಒಟ್ಟಿಗೆ ಗುಂಡು ಹಾರಿಸಬೇಕಿತ್ತು. ಉದ್ದ ಸಾಲಿನಲ್ಲಿ ದಾರಿ ನಡೆದು ಬಂದವರು ಶತ್ರು ಕಂಡ ಕೂಡಲೇ ಅಡ್ಡ ಸಾಲಾಗಿ ತಿರುಗಬೇಕಿತ್ತು. ಒಬ್ಬ ತಪ್ಪಿ ಎಡಕ್ಕೆ ತಿರುಗಿದರೆ ಇಡೀ ಸಾಲು ಕಲಸಿಹೋಗುತ್ತಿತ್ತು. ಈ ತಿರುಗುವಿಕೆಯನ್ನು ದಿನವೂ ಅಭ್ಯಾಸ ಮಾಡಲು ಸಮತಟ್ಟಾದ ದೊಡ್ಡ ಬಯಲು ಬೇಕಾಯಿತು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೇನೆಯಲ್ಲೂ ಇಂಥ ಕವಾಯತು ಇತ್ತು. ಟಿಪ್ಪುವಿನ ಕಾಲದಲ್ಲಿ 'ಫತ್ಹುಲ್ ಮುಜಾಹಿದೀನ್' ಎಂಬ ಸೇನಾ ಕೈಪಿಡಿಯನ್ನು ಪಾರ್ಸಿ ಭಾಷೆಯಲ್ಲಿ ಬರೆಸಲಾಗಿತ್ತು.

ಎರಡನೆಯದು ಲೆಕ್ಕದ ಕಾರಣ. ನಾವು ದಾಸ್ತಾನಿನ ಭೌತಿಕ ಪರಿಶೀಲನೆ ಎಂದು ಓದುತ್ತೇವಲ್ಲ, ಅಂದರೆ ಪುಸ್ತಕದಲ್ಲಿ ನೂರು ಚೀಲ ಇದ್ದರೆ ಗೋದಾಮಿನಲ್ಲೂ ನೂರು ಚೀಲ ಇವೆಯೇ ಎಂದು ಎಣಿಸಿ ನೋಡುವುದು, ಸೇನೆಗೂ ಅದು ಬೇಕಿತ್ತು. ಸಾವಿರ ಸಿಪಾಯಿಗಳ ಸಂಬಳ ಪಡೆದು ಆರುನೂರು ಮಂದಿಯನ್ನು ಮಾತ್ರ ಇಟ್ಟುಕೊಳ್ಳುವ ಸರದಾರರು ಎಲ್ಲ ಕಾಲದಲ್ಲೂ ಇದ್ದರು. ದೆಹಲಿಯ ಅಲಾವುದ್ದೀನ್ ಖಿಲ್ಜಿ ಕುದುರೆಗಳಿಗೆ ಮುದ್ರೆ ಹಾಕಿಸಿ, ಸೈನಿಕರ ಗುರುತುಗಳನ್ನು ಬರೆಸಿದ್ದು ಇದೇ ಕಾರಣಕ್ಕೆ. ಅಕ್ಬರನ ಕಾಲದಲ್ಲಿ ಇದಕ್ಕೆ 'ದಾಗ್' ಮತ್ತು 'ಚೆಹ್ರಾ' ಎಂಬ ಹೆಸರಿತ್ತು. ದಾಗ್ ಎಂದರೆ ಕುದುರೆಯ ಮೇಲಿನ ಮುದ್ರೆ, ಚೆಹ್ರಾ ಎಂದರೆ ಸೈನಿಕನ ಮುಖಚಹರೆಯ ದಾಖಲೆ. ಎಲ್ಲರನ್ನೂ ಬಯಲಿನಲ್ಲಿ ನಿಲ್ಲಿಸಿ, ಹೆಸರು ಕೂಗಿ, ಎಣಿಸಿ, ಆಮೇಲೆ ಸಂಬಳ. ಇಂಗ್ಲಿಷರು ಇದನ್ನು 'ಮಸ್ಟರ್' ಎಂದರು. ನಮ್ಮ ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಎನ್.ಎಂ.ಆರ್. ತೆಗೆಸುವುದು ಎನ್ನುತ್ತಾರಲ್ಲ, ಅದರಲ್ಲಿನ 'ಎಂ' ಇದೇ ಮಸ್ಟರ್. ಸೈನಿಕರ ಹಾಜರಿ ಪಟ್ಟಿಯ ಹೆಸರು ಇಂದು ಕೂಲಿಕಾರರ ಹಾಜರಿ ಪಟ್ಟಿಗೂ ಉಳಿದಿದೆ.

ಹೀಗೆ ಕವಾಯತು ಮೈದಾನ ಎಂದರೆ ಯುದ್ಧದ ಅಭ್ಯಾಸದ ಜಾಗವೂ ಹೌದು, ರಾಜ್ಯದ ಲೆಕ್ಕಪರಿಶೋಧನೆಯ ಜಾಗವೂ ಹೌದು.

3. ಸಿಪಾಯಿಗಳ ಸಂಬಳಕ್ಕೆ ಅಡವಾದ ನಮ್ಮ ನೆಲ

ಈ ಲೆಕ್ಕದ ಮಾತು ನಮ್ಮ ಜಿಲ್ಲೆಗೆ ಎಷ್ಟು ಹತ್ತಿರದ್ದು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಹೈದರಾಬಾದಿನ ನಿಜಾಮರು ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಒಂದು ಪಡೆಯನ್ನು ಸಾಕಬೇಕಿತ್ತು. ಅದರ ಹೆಸರು ಹೈದರಾಬಾದ್ ಕಂಟಿಂಜೆಂಟ್. ಆಜ್ಞೆ ಬ್ರಿಟಿಷರದು, ಸಂಬಳ ನಿಜಾಮರದು. ಸಂಬಳದ ಬಾಕಿ ಬೆಳೆಯುತ್ತಾ ಹೋಯಿತು, ಸಾಲವಾಯಿತು. 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಒಪ್ಪಂದ ಮಾಡಿಸಿ ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್ ಪ್ರದೇಶಗಳನ್ನು ಆ ಪಡೆಯ ಖರ್ಚಿಗಾಗಿ ಬ್ರಿಟಿಷರ ವಶಕ್ಕೆ ಪಡೆದನು. ದೋಆಬ್ ಎಂದರೆ ಎರಡು ನದಿಗಳ ನಡುವಿನ ನೆಲ. ಇಲ್ಲಿ ಕೃಷ್ಣಾ ಮತ್ತು ತುಂಗಭದ್ರಾ. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲವೂ ಇದರೊಳಗೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಸಿಪಾಯಿಗಳ ಸಂಬಳದ ಬಾಕಿಗೆ ನಮ್ಮ ಹೊಲಗಳು ಅಡಮಾನವಾದವು. 1860ರಲ್ಲಿ ಹೊಸ ಒಪ್ಪಂದವಾಗಿ 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು, ರಾಯಚೂರು ದೋಆಬ್ ಮರಳಿ ನಿಜಾಮರಿಗೆ ಸೇರಿತು.

ಆ ಪಡೆಯ ಒಂದು ಛಾವಣಿ ಲಿಂಗಸುಗೂರಿನಲ್ಲಿತ್ತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ನಡೆದ ಕಾರ್ಯಾಚರಣೆಗೆ ಅಲ್ಲಿಂದಲೂ ಸೈನಿಕರು ಹೋಗಿದ್ದರು. ಲಿಂಗಸುಗೂರು 1905ರವರೆಗೆ ಒಂದು ಜಿಲ್ಲೆಯ ಕೇಂದ್ರವೇ ಆಗಿತ್ತು. ಇಂದು ಬಸ್ಸಿನಲ್ಲಿ ಹಾದುಹೋಗುವ ಊರು ಒಂದು ಕಾಲದಲ್ಲಿ ಬೆಳಗಿನ ಕಹಳೆಗೆ ಏಳುತ್ತಿತ್ತು.

4. ಬೆಂಗಳೂರಿನ ದಂಡು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಪಡೆಗಳು ಮೊದಲು ಅಲ್ಲಿಯೇ ನೆಲೆಸಿದ್ದವು. ಆದರೆ ಅಲ್ಲಿ ಮಲೇರಿಯಾ ಜ್ವರದ ಕಾಟ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಬೆಂಗಳೂರಿನ ಹವೆ ಅವರಿಗೆ ಹಿಡಿಸಿತು. ಹಲಸೂರಿನ ಸುತ್ತಲಿನ ಜಾಗದಲ್ಲಿ 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾಯಿತು. ಅದರ ನಡುವೆ ಉದ್ದನೆಯ ಕವಾಯತು ಮೈದಾನ. ಇಂದಿನ ಮೈದಾನ ಆ ಹಳೆಯ ಬಯಲಿನ ಒಂದು ಭಾಗ ಮಾತ್ರ.

ಊರು ಆ ಬಯಲಿನ ಸುತ್ತ ಬೆಳೆಯಿತು ಎಂಬುದಕ್ಕೆ ರಸ್ತೆಗಳ ಹೆಸರೇ ಸಾಕ್ಷಿ. ಮೈದಾನದ ದಕ್ಷಿಣದ ರಸ್ತೆ 'ಸೌತ್ ಪರೇಡ್'. ಅದೇ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಪದಾತಿ ದಳದ ಹೆಸರಿನ ಇನ್‌ಫೆಂಟ್ರಿ ರಸ್ತೆ, ಫಿರಂಗಿ ದಳದ ಹೆಸರಿನ ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ ಇಂದಿಗೂ ಇವೆ. ಅಶ್ವದಳದ ಹೆಸರಿನ ಕ್ಯಾವಲ್ರಿ ರಸ್ತೆ ಈಗ ಕಾಮರಾಜ ರಸ್ತೆ. ಉತ್ತರದ ಬದಿಯ ರಸ್ತೆಗೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನ ಹೆಸರು. ಅವನ ಕುದುರೆ ಸವಾರಿಯ ಪ್ರತಿಮೆಯನ್ನು 1866ರಲ್ಲಿ ಮೊದಲು ನಿಲ್ಲಿಸಿದ್ದು ಈ ಮೈದಾನದಲ್ಲೇ. ಆಮೇಲೆ ಅದು ಹೈಕೋರ್ಟ್ ಕಟ್ಟಡದ ಬಳಿಗೆ ಹೋಯಿತು.

ವಾಣಿಜ್ಯದ ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶ ಗಮನಿಸಬೇಕು. ತಿಂಗಳಿಗೆ ನಿಗದಿಯಾಗಿ ಸಂಬಳ ಸಿಗುವ ಸಾವಿರಾರು ಮಂದಿ ಒಂದೇ ಕಡೆ ಇದ್ದರೆ ಅಲ್ಲಿ ಮಾರುಕಟ್ಟೆ ತಾನಾಗಿ ಹುಟ್ಟುತ್ತದೆ. ಬಟ್ಟೆ, ಬೂಟು, ಜೀನು, ಮಾಂಸ, ಬ್ರೆಡ್ಡು, ಹುಲ್ಲು, ಎಲ್ಲಕ್ಕೂ ಗಿರಾಕಿ ಸಿದ್ಧ. ಕಮರ್ಷಿಯಲ್ ಸ್ಟ್ರೀಟ್, ಶಿವಾಜಿನಗರದ ಪೇಟೆಗಳು, 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ ಈ ಬೇಡಿಕೆಯ ನೆರಳಿನಲ್ಲಿ ಬೆಳೆದವು. ತಮಿಳರು, ದಖನಿ ಮುಸ್ಲಿಮರು, ಕಚ್ಛೀ ಮೇಮನ್ ವ್ಯಾಪಾರಿಗಳು ಅಲ್ಲಿ ನೆಲೆಸಿದರು. ಅಂಥ ವ್ಯಾಪಾರಿಗಳಲ್ಲಿ ಒಬ್ಬರಾದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರನ್ನು ಶಿವಾಜಿನಗರದ ಘೋಷಾ ಆಸ್ಪತ್ರೆ ಇಂದಿಗೂ ಹೊತ್ತಿದೆ. ದಂಡಿನಿಂದ ಬಂದ ಹಣ ಆಸ್ಪತ್ರೆಯೂ ಆಯಿತು.

ಆದರೆ ಆ ಬಯಲು ಎಲ್ಲರದೂ ಆಗಿರಲಿಲ್ಲ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿ ಕೊಟ್ಟಾಗಲೂ ದಂಡು ಪ್ರದೇಶ ಮಾತ್ರ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಕೆಂಪೇಗೌಡರು ಕಟ್ಟಿದ ಪೇಟೆ ಒಂದು ಊರು, ದಂಡು ಇನ್ನೊಂದು ಊರು, ನಡುವೆ ಕಬ್ಬನ್ ಉದ್ಯಾನ. ಎರಡಕ್ಕೂ ಬೇರೆ ಬೇರೆ ಪುರಸಭೆ. 1947ರಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಸೇರಿ ಒಂದೇ ನಗರಪಾಲಿಕೆ ಆಯಿತು. ಯೂನಿಯನ್ ಜಾಕ್‌ಗೆ ವಂದನೆ ಸಲ್ಲಿಸಲು ಮಾಡಿದ ಬಯಲು ತ್ರಿವರ್ಣಕ್ಕೆ ವಂದನೆ ಸಲ್ಲಿಸುವ ಬಯಲಾಯಿತು. ಇಂದು ಮೈದಾನದ ಎದುರಿನ ರಸ್ತೆಯ ಮೇಲೆ ಮೆಟ್ರೋ ಓಡುತ್ತದೆ. ನಗರದ ಮೊದಲ ಮೆಟ್ರೋ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಬಂದು ನಿಂತದ್ದು ಇದೇ ಎಂ.ಜಿ. ರಸ್ತೆ ನಿಲ್ದಾಣದಲ್ಲಿ.

5. ಮೈದಾನಕ್ಕೆ ಹೆಸರು ಕೊಟ್ಟವರು

ಸ್ಯಾಮ್ ಮಾಣೆಕ್ ಷಾ ಅವರು 1914ರ ಏಪ್ರಿಲ್ 3ರಂದು ಅಮೃತಸರದ ಪಾರ್ಸಿ ಕುಟುಂಬದಲ್ಲಿ ಹುಟ್ಟಿದರು. 1969ರಿಂದ ಭೂಸೇನೆಯ ಮುಖ್ಯಸ್ಥರಾಗಿದ್ದರು. 1973ರ ಜನವರಿಯಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದ ಮೊದಲ ಭಾರತೀಯರಾದರು. 2008ರ ಜೂನ್ 27ರಂದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ತೀರಿಕೊಂಡರು. ಈ ಪದವಿ ಪಡೆದ ಎರಡನೆಯವರು ನಮ್ಮ ಕೊಡಗಿನ ಕೆ.ಎಂ. ಕಾರಿಯಪ್ಪ. ಅವರಿಗೆ ಅದು ದೊರೆತದ್ದು 1986ರಲ್ಲಿ. ಕಾರಿಯಪ್ಪನವರು 1949ರ ಜನವರಿ 15ರಂದು ಬ್ರಿಟಿಷ್ ಜನರಲ್‌ನಿಂದ ಸೇನೆಯ ಅಧಿಕಾರ ವಹಿಸಿಕೊಂಡ ದಿನವೇ ಸೇನಾ ದಿನ. ಆ ದಿನದ ಪರೇಡ್ ಮೊದಲ ಬಾರಿಗೆ ದೆಹಲಿ ಬಿಟ್ಟು ಹೊರಗೆ ನಡೆದದ್ದು 2023ರಲ್ಲಿ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರದ ಮೈದಾನದಲ್ಲಿ.

ಮಾಣೆಕ್ ಷಾ ಅವರ ಹೆಸರು ನಮ್ಮ ಊರಿಗೂ ಮುಖ್ಯ. 1971ರ ಯುದ್ಧದಲ್ಲಿ ಸೇನೆಯ ನಾಯಕತ್ವ ಅವರದು. ಆ ವರ್ಷ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದಿದ್ದರು. ಡಿಸೆಂಬರ್ 16ರಂದು ಢಾಕಾದಲ್ಲಿ ಜನರಲ್ ನಿಯಾಜಿ ಅವರು ಜನರಲ್ ಜಗಜಿತ್ ಸಿಂಗ್ ಅರೋರಾ ಅವರ ಮುಂದೆ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಬಾಂಗ್ಲಾದೇಶ ಹುಟ್ಟಿತು. ಆ ಸಹಿ ಬಿದ್ದ ಜಾಗ ಯಾವುದು? ರಮ್ನಾ ರೇಸ್ ಕೋರ್ಸ್ ಮೈದಾನ. ಅದೂ ಒಂದು ಬಯಲೇ.

ಆರ್.ಎಚ್. ಎಂದರೆ ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತು. ನಮ್ಮ ಮನೆಯಲ್ಲಿ ಉರ್ದು, ಪಕ್ಕದ ಮನೆಯಲ್ಲಿ ಬಂಗಾಳಿ, ಅಂಗಡಿಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ. ಈ ಲೇಖನಕ್ಕಾಗಿ ನಾನು ಪಕ್ಕದ ಮನೆಯ ಠಾಕುಮಾ ಅವರನ್ನು ಕೇಳಿದೆ: "ಠಾಕುಮಾ, ಪರೇಡ್ ಅಂದ್ರೆ ನಿಮಗೇನು ನೆನಪಾಗ್ತದ?" ಅವರು ಬಹಳ ಹೊತ್ತು ಯೋಚಿಸಿ ಹೇಳಿದರು: "ನಾನು ಸಣ್ಣಾಕಿ ಇದ್ದೆ ಬಾಬಾ. ದಾರಿಯಾಗಿನ ಕ್ಯಾಂಪಿನ್ಯಾಗ ಮುಂಜಾನೆ ಬಯಲಾಗ ಸಾಲು ನಿಲ್ಲಿಸ್ತಿದ್ರು. ಹೆಸರು ಕೂಗ್ತಿದ್ರು. ಹೆಸರು ಬಂದ್ರ ಅಕ್ಕಿ. ಬರಲಿಲ್ಲಂದ್ರ ಮರುದಿನ." ಮೇಲೆ ಹೇಳಿದ ಮಸ್ಟರ್ ಎಂಬ ಪದದ ಅರ್ಥ ನನಗೆ ಪೂರ್ತಿ ತಿಳಿದದ್ದು ಆಗ. ಪಟ್ಟಿಯಲ್ಲಿ ಹೆಸರಿರುವುದು ಒಬ್ಬ ಸಿಪಾಯಿಗೆ ಸಂಬಳ, ಒಬ್ಬ ಕೂಲಿಗೆ ಕೂಲಿ, ಒಂದು ಮಗುವಿಗೆ ಅನ್ನ. ನಮ್ಮ ಕ್ಯಾಂಪುಗಳಲ್ಲಿ ಪೌರತ್ವದ ಕಾಗದಕ್ಕಾಗಿ ದಶಕಗಟ್ಟಲೆ ಕಾದವರಿದ್ದಾರೆ. 2024ರಲ್ಲಿ ಕೆಲವರ ಕೈಗೆ ಪ್ರಮಾಣಪತ್ರ ಬಂದಾಗ ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಇಷ್ಟು ವರ್ಷ ಅವರು ಆಗಸ್ಟ್ 15ರಂದು ಧ್ವಜದ ಮುಂದೆ ನಿಲ್ಲುವುದನ್ನು ಬಿಟ್ಟಿರಲಿಲ್ಲ.

6. ಸಮಾರಂಭದ ಕ್ರಮ

ಕೋವಿ ಬದಲಾಯಿತು, ಮೆಷಿನ್ ಗನ್ ಬಂತು. ಒತ್ತಾಗಿ ಸಾಲು ನಿಂತರೆ ಈಗ ಯುದ್ಧದಲ್ಲಿ ಸಾವೇ ಗತಿ. ಹಾಗಾಗಿ ಕವಾಯತು ರಣರಂಗ ಬಿಟ್ಟು ಸಮಾರಂಭಕ್ಕೆ ಬಂತು. ಆದರೂ ಅದರ ಪ್ರತಿ ಹೆಜ್ಜೆಗೂ ಅರ್ಥವಿದೆ. ಮುಖ್ಯ ಹಂತಗಳು ಹೀಗಿವೆ.

ಮೊದಲು ಧ್ವಜಾರೋಹಣ, ರಾಷ್ಟ್ರಗೀತೆ, ರಾಷ್ಟ್ರೀಯ ವಂದನೆ. ಆಮೇಲೆ ಗಣ್ಯರು ತೆರೆದ ವಾಹನದಲ್ಲಿ ಸಾಲುಗಳ ಮುಂದೆ ಹಾದುಹೋಗುವ ಪರಿವೀಕ್ಷಣೆ. ಇದು ಹಳೆಯ ಎಣಿಕೆಯ ಉಳಿದ ರೂಪ. ಅನಂತರ ಪರೇಡ್ ಕಮಾಂಡರ್ ಬಂದು ಪಥಸಂಚಲನಕ್ಕೆ ಅನುಮತಿ ಕೇಳುತ್ತಾರೆ. ಶಸ್ತ್ರ ಹಿಡಿದವರು ಶಸ್ತ್ರವಿಲ್ಲದ ಜನಪ್ರತಿನಿಧಿಯ ಅನುಮತಿ ಕೇಳಿ ಹೆಜ್ಜೆ ಇಡುವುದನ್ನು ಗಮನಿಸಿ. ಪ್ರಜಾಪ್ರಭುತ್ವದ ಪಾಠ ಆ ಒಂದು ನಿಮಿಷದಲ್ಲಿದೆ. ಬಳಿಕ ತುಕಡಿಗಳು ವೇದಿಕೆಯ ಮುಂದೆ ಹಾದುಹೋಗುತ್ತವೆ. 'ದಾಹಿನೇ ದೇಖ್' ಎಂಬ ಆಜ್ಞೆಗೆ ಎಲ್ಲರ ಮುಖ ಬಲಕ್ಕೆ ಹೊರಳುತ್ತದೆ. ಸಾಲು ನೇರವಾಗಿರಲೆಂದು ಬಲಬದಿಯ ಕೊನೆಯವರು ಮಾತ್ರ ಮುಂದೆ ನೋಡುತ್ತಲೇ ನಡೆಯುತ್ತಾರೆ.

ಎನ್.ಸಿ.ಸಿ.ಯಲ್ಲಿರುವ ಗೆಳೆಯರು ಹೇಳಿದ ಲೆಕ್ಕ: 'ತೇಜ್ ಚಲ್' ನಡಿಗೆಯಲ್ಲಿ ನಿಮಿಷಕ್ಕೆ 120 ಹೆಜ್ಜೆ, ಒಂದು ಹೆಜ್ಜೆಗೆ 30 ಅಂಗುಲ. ಗುಣಿಸಿದರೆ ನಿಮಿಷಕ್ಕೆ 3600 ಅಂಗುಲ, ಅಂದರೆ 300 ಅಡಿ, ಸುಮಾರು 91 ಮೀಟರ್. ಮುಂದಿನ ಸಲ ಟಿ.ವಿ. ನೋಡುವಾಗ ಗಡಿಯಾರ ಹಿಡಿದು ಎಣಿಸಿ ನೋಡಿ.

ಬೆಂಗಳೂರಿನಲ್ಲಿ ಜನವರಿ 26ರಂದು ರಾಜ್ಯಪಾಲರು, ಆಗಸ್ಟ್ 15ರಂದು ಮುಖ್ಯಮಂತ್ರಿಗಳು ಧ್ವಜಾರೋಹಣ ಮಾಡುತ್ತಾರೆ. ಮೊದಲು ರಾಜ್ಯಗಳಲ್ಲಿ ಎರಡೂ ದಿನ ರಾಜ್ಯಪಾಲರೇ ಮಾಡುತ್ತಿದ್ದರು. ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಅವರು ಈ ವಿಷಯ ಎತ್ತಿದ ಮೇಲೆ 1974ರಿಂದ ಆಗಸ್ಟ್ 15ರ ಗೌರವ ಮುಖ್ಯಮಂತ್ರಿಗಳಿಗೆ ಬಂತು. ಆಗಸ್ಟ್ 15 ಜನ ಅಧಿಕಾರ ಪಡೆದ ದಿನ, ಆದ್ದರಿಂದ ಜನರಿಂದ ಆಯ್ಕೆಯಾದವರು. ಜನವರಿ 26 ಸಂವಿಧಾನದ ದಿನ, ಆದ್ದರಿಂದ ಸಂವಿಧಾನದ ಮುಖ್ಯಸ್ಥರು. ದೆಹಲಿಯ ಮೊದಲ ಗಣರಾಜ್ಯೋತ್ಸವ ಪರೇಡ್ 1950ರಲ್ಲಿ ಇರ್ವಿನ್ ಕ್ರೀಡಾಂಗಣದಲ್ಲಿ ನಡೆಯಿತು, ರಾಜಪಥಕ್ಕೆ ಬಂದು ನೆಲೆಯಾದದ್ದು 1955ರಿಂದ. 2024ರಲ್ಲಿ ಅಲ್ಲಿ ಮೂರೂ ಸೇನೆಗಳ ಮಹಿಳೆಯರ ಸಂಯುಕ್ತ ತುಕಡಿ ಮೊದಲ ಬಾರಿಗೆ ಹೆಜ್ಜೆ ಹಾಕಿತು.

ಧ್ವಜದ ನಡುವಿನ ಚಕ್ರ ಅಶೋಕನದು. ಆ ಚಕ್ರವರ್ತಿಯ 'ಅಶೋಕ' ಎಂಬ ಹೆಸರೇ ಬರೆದ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಮಸ್ಕಿಯ ಬೆಟ್ಟದಲ್ಲಿ. ಯುದ್ಧ ಗೆದ್ದ ಮೇಲೆ ಯುದ್ಧವನ್ನೇ ಬಿಟ್ಟ ರಾಜನ ಚಕ್ರಕ್ಕೆ ಸೈನಿಕರು ವಂದಿಸುತ್ತಾರೆ. ಖಾದಿ ಧ್ವಜ ತಯಾರಿಸುವ ಪ್ರಸಿದ್ಧ ಕೇಂದ್ರವೂ ನಮ್ಮ ರಾಜ್ಯದ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ.

7. ನಮ್ಮ ಭಾಗದ ಇನ್ನೊಂದು ಧ್ವಜದ ದಿನ

ನಮ್ಮ ಭಾಗದ ಜಿಲ್ಲೆಗಳಲ್ಲಿ ಕವಾಯತು ಮೈದಾನಗಳು ವರ್ಷಕ್ಕೆ ಇನ್ನೊಂದು ದಿನವೂ ಸಿಂಗಾರವಾಗುತ್ತವೆ. ಅದು ಸೆಪ್ಟೆಂಬರ್ 17. 1947ರ ಆಗಸ್ಟ್ 15ರಂದು ರಾಯಚೂರು ನಿಜಾಮರ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಗೆ ಬಂತು. 17ರಂದು ನಿಜಾಮರು ಸೋಲೊಪ್ಪಿದರು. ಮರುದಿನ ನಿಜಾಮರ ಸೇನಾಪತಿ ಜನರಲ್ ಎಲ್ ಎದ್ರೂಸ್ ಅವರು ಜನರಲ್ ಜೆ.ಎನ್. ಚೌಧುರಿ ಅವರಿಗೆ ಶರಣಾದರು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕ ಎಂದಾದ ಮೇಲೆ ಈ ದಿನವನ್ನು ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತೇವೆ. ಕಲಬುರಗಿಯಲ್ಲಿ ಪೊಲೀಸ್ ಕವಾಯತು ಮೈದಾನದಲ್ಲಿ ಧ್ವಜಾರೋಹಣ ನಡೆಯುತ್ತದೆ.

ಶಾಲೆಯ ಪುಸ್ತಕ ಇದನ್ನು ವಿಮೋಚನೆ ಎನ್ನುತ್ತದೆ. ನಮ್ಮ ಮನೆಯ ಹಿರಿಯರು 'ಪೊಲೀಸ್ ಆ್ಯಕ್ಷನ್' ಎನ್ನುತ್ತಾರೆ, ಹಾಗೆಂದು ದನಿ ತಗ್ಗಿಸುತ್ತಾರೆ. ಒಮ್ಮೆ ಈ ದಿನದ ಸಮಾರಂಭದಲ್ಲಿ ಒಬ್ಬರು ನನ್ನ ಹೆಸರು ಕೇಳಿ, "ಇದು ನಿಮ್ಮ ಹಬ್ಬ ಅಲ್ಲ ಬಿಡು" ಎಂದಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ. ಶೋಯೆಬುಲ್ಲಾ ಖಾನ್ ಎಂಬ ಯುವ ಪತ್ರಕರ್ತ ಹೈದರಾಬಾದಿನಲ್ಲಿ 'ಇಮ್ರೋಜ್' ಎಂಬ ಉರ್ದು ಪತ್ರಿಕೆ ನಡೆಸುತ್ತಿದ್ದರು. ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಉರ್ದುವಿನಲ್ಲೇ ಬರೆದರು. 1948ರ ಆಗಸ್ಟ್‌ನಲ್ಲಿ ರಜಾಕಾರರು ಅವರನ್ನು ಕೊಂದರು. ಈ ದಿನಕ್ಕಾಗಿ ಪ್ರಾಣ ಕೊಟ್ಟವರಲ್ಲಿ ನಮ್ಮ ಭಾಷೆಯವರೂ ಇದ್ದರು.

ಇನ್ನೊಂದು ಸತ್ಯವನ್ನೂ ಹೇಳಬೇಕು. ರಜಾಕಾರರು ಹಳ್ಳಿಗಳಲ್ಲಿ ಮಾಡಿದ ಕೊಲೆ, ಸುಲಿಗೆ ನಿಜ. ಸೇನಾ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಆಮೇಲೆ ಏನೂ ತಪ್ಪು ಮಾಡದ ಅನೇಕ ಮುಸ್ಲಿಮರು ಸತ್ತದ್ದೂ ನಿಜ. ಅದನ್ನು ತಿಳಿಯಲು ಕೇಂದ್ರ ಸರ್ಕಾರವೇ ಪಂಡಿತ್ ಸುಂದರ್‌ಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಮುಂತಾದವರನ್ನು ಕಳುಹಿಸಿತ್ತು. ಲೆಕ್ಕದ ಪುಸ್ತಕದಲ್ಲಿ ಎರಡೂ ಬದಿ ಬರೆಯದಿದ್ದರೆ ತಾಳೆ ಆಗುವುದಿಲ್ಲ. ಇತಿಹಾಸವೂ ಹಾಗೆಯೇ. ಎರಡೂ ಬದಿಯ ನೋವು ಬರೆದ ಮೇಲೂ ಸೆಪ್ಟೆಂಬರ್ 17ರ ಧ್ವಜ ನನ್ನದೇ ಆಗಿ ಉಳಿಯುತ್ತದೆ. ಏಕೆಂದರೆ ಆ ಧ್ವಜದ ಕೆಳಗೆ ನಾನು ಯಾರ ಪ್ರಜೆಯೂ ಅಲ್ಲ, ನಾಗರಿಕ.

8. ಒಟ್ಟಿನಲ್ಲಿ

ಕವಾಯತು ಮೈದಾನ ಮೊದಲು ಕೊಲ್ಲುವುದನ್ನು ಕಲಿಸುವ ಜಾಗವಾಗಿತ್ತು, ಆಮೇಲೆ ಎಣಿಸುವ ಜಾಗವಾಯಿತು, ಅಧಿಕಾರ ತೋರಿಸುವ ಜಾಗವಾಯಿತು, ಕೊನೆಗೆ ಎಲ್ಲರೂ ಒಂದೇ ಧ್ವಜದ ಕಡೆ ನೋಡುವ ಜಾಗವಾಯಿತು. ನೆಲ ಅದೇ. ಅದರ ಮೇಲೆ ಯಾರು ನಿಲ್ಲಬಹುದು ಎಂಬ ಕಾಯಿದೆ ಬದಲಾಯಿತು. ಆ ಕಾಯಿದೆಯನ್ನು ಬದಲಿಸಿದವರು ಜನ. ನಮ್ಮ ಮೈದಾನದಲ್ಲಿ ಸಾಲು ನಿಲ್ಲುವಾಗ ಬಂಗಾಳಿ ಮನೆಯವರು, ಉರ್ದು ಮನೆಯವರು, ಕನ್ನಡ, ತೆಲುಗು ಮನೆಯವರು ಎತ್ತರದ ಪ್ರಕಾರ ನಿಲ್ಲುತ್ತೇವೆ. ಮೈದಾನಕ್ಕೆ ಎತ್ತರ ಮಾತ್ರ ಗೊತ್ತು.

ತರಗತಿಯಲ್ಲಿ ಚರ್ಚಿಸಲು ಕೆಲವು ಪ್ರಶ್ನೆಗಳು:

1. ಕವಾಯತು, ಕಾಯಿದೆ ಎಂಬ ಪದಗಳಂತೆ ಒಂದೇ ಬೇರಿನಿಂದ ಬಂದ ಇನ್ನೆರಡು ಪದಗಳನ್ನು ಹುಡುಕಿ.
2. 1853ರ ಒಪ್ಪಂದವನ್ನು ಸಾಲ, ಅಡಮಾನ, ಮನ್ನಾ ಎಂಬ ಪದಗಳನ್ನು ಬಳಸಿ ಐದು ವಾಕ್ಯಗಳಲ್ಲಿ ವಿವರಿಸಿ.
3. ದಂಡು ಪ್ರದೇಶದಿಂದ ಬೆಂಗಳೂರಿನಲ್ಲಿ ಮಾರುಕಟ್ಟೆಗಳು ಬೆಳೆದಂತೆ, ತುಂಗಭದ್ರಾ ಕಾಲುವೆಯಿಂದ ಸಿಂಧನೂರಿನಲ್ಲಿ ಯಾವ ವ್ಯಾಪಾರಗಳು ಬೆಳೆದವು? ಪಟ್ಟಿ ಮಾಡಿ.
4. ನಿಮ್ಮ ಮನೆಯ ಅಥವಾ ಓಣಿಯ ಹಿರಿಯರೊಬ್ಬರನ್ನು ಕೇಳಿ: ಅವರ ಹೆಸರನ್ನು ಮೊದಲ ಬಾರಿ ಯಾವ ಪಟ್ಟಿಯಲ್ಲಿ ಕೂಗಿದರು? ಉತ್ತರವನ್ನು ಮುಂದಿನ ಸಂಚಿಕೆಗೆ ಬರೆದು ಕೊಡಿ.